ಏಳನೇ ಮಂಚದ ಯೋಜನೆ

ಎಲ್ಲ ಫಜೀತಿಗೂ ಮೂಲ ಒಂದು ಗೆರೆ ಹಾಕಿದ ಹಾಳೆ. ಬಳ್ಳಾರಿಯ ಆ ಆಸ್ಪತ್ರೆಗೆ ಹೊಸದಾಗಿ ಬಂದ ಮೇಟ್ರನ್ ವೀರಭದ್ರಮ್ಮನವರು, ಇನ್ನು ಮೇಲೆ ರೋಗಿಗಳನ್ನು ಸುಮ್ಮನೆ ನೋಡಿಕೊಳ್ಳುವಂತಿಲ್ಲ, ಆ ಚಾರ್ಟಿನಲ್ಲಿ ಯೋಜನೆ ಬರೆದೇ ನೋಡಿಕೊಳ್ಳಬೇಕು ಎಂದು ಅಪ್ಪಣೆ ಮಾಡಿದ್ದರು. ದೇಶಕ್ಕೇ ಪಂಚವಾರ್ಷಿಕ ಯೋಜನೆ ಇರುವಾಗ ಮಂಚಕ್ಕೊಂದು ಯೋಜನೆ ಬೇಡವೇ?

ನರ್ಸ್ ಸುವರ್ಣಮ್ಮನ ಪಾಲಿಗೆ ಬಂದದ್ದು ಏಳನೇ ಮಂಚ. ರೋಗಿ ಸಿರಿಗೇರಿಯ ಓಬಳೇಶ. ಕರುಳೆಲ್ಲ ಹುಣ್ಣು, ದಿನಕ್ಕೆ ಹನ್ನೆರಡು ಸಲ ರಕ್ತಭೇದಿ, ತೂಕ ನಲವತ್ತೊಂದು ಕಿಲೋ ಎಂದು ರಾತ್ರಿ ಪಾಳಿಯವರು ಬರೆದಿಟ್ಟಿದ್ದರು. ಸುವರ್ಣಮ್ಮ ರೋಗಿಯ ಮುಖ ನೋಡುವ ಮೊದಲೇ ಯೋಜನೆ ಮುಗಿಸಿದಳು: ಖಾರ ಬಂದ್, ಮೂರು ಹೊತ್ತು ಗಂಜಿ, ಹೊತ್ತಿಗೆ ಸರಿಯಾಗಿ ಗುಳಿಗೆ, ದಿನಾ ತೂಕ, ಎಷ್ಟು ಸಲ ಎದ್ದು ಹೋದ ಎಂಬ ಲೆಕ್ಕ.

"ಗುರುವಾರ ದೊಡ್ಡ ಡಾಕ್ಟ್ರು ಇದನ್ನ ಮೆಚ್ಚಿದ್ರ ನಿನ್ನ ರಜಾಕ್ಕ ಸಹಿ ಹಾಕ್ತೀನಿ," ಎಂದಿದ್ದರು ಮೇಟ್ರನ್. ಶುಕ್ರವಾರ ಕುರುಗೋಡಿನಲ್ಲಿ ಸುವರ್ಣಮ್ಮನ ಒಬ್ಬಳೇ ತಂಗಿಯ ಮದುವೆ.

ಯೋಜನೆಯ ಮಹಿಮೆ ನೋಡಿ! ಮೊದಲ ದಿನವೇ ಹನ್ನೆರಡು ಇಳಿದು ಒಂದಾಯಿತು. ತೂಕ ಬೆಳಗಾಗುವುದರೊಳಗೆ ಹದಿನೇಳು ಕಿಲೋ ಏರಿತು. ಸುವರ್ಣಮ್ಮ ರಾತ್ರಿ ಪಾಳಿಯವರ ಕಣ್ಣಿಗೆ ಶಾಪ ಹಾಕಿ, ಹೊಸ ತೂಕ ಬರೆದುಕೊಂಡಳು.

ಗುರುವಾರ ಬೆಳಿಗ್ಗೆ ಎಂಟನೇ ಮಂಚದವನ ತಾಯಿ ಹೊನ್ನೂರಮ್ಮ ಏಳನೇ ಮಂಚದತ್ತ ಬೆರಳು ತೋರುತ್ತಾ ಅಡ್ಡ ಬಂದಳು. "ಸಿಸ್ಟರಮ್ಮ, ಈತಗ ಎಂಥ ಬ್ಯಾನಿ ಐತವ್ವ? ನಿನ್ನಿ ನನ್ನ ಎರಡು ರೊಟ್ಟಿ, ಕೆಂಪು ಚಟ್ನಿ ತಿಂದು ಡರ್ ಅಂತ ತೇಗಿದ!"

"ನೀವು ಸುಮ್ನಿರ್ರಿ. ಚಾರ್ಟಿನಾಗ ಗಂಜಿ ಅಂತ ಐತಿ, ಗಂಜಿನ ಕುಡದಾನ," ಎಂದಳು ಸುವರ್ಣಮ್ಮ. ಬರೆದದ್ದಕ್ಕಿಂತ ಕಂಡದ್ದು ದೊಡ್ಡದೇ?

ಹತ್ತು ಗಂಟೆಗೆ ದೊಡ್ಡ ಡಾಕ್ಟರು ಬಂದರು. ಚಾರ್ಟು ನೋಡಿ ಹುಬ್ಬೇರಿಸಿದರು. ಹೊಟ್ಟೆ ಅಮುಕಿ, "ಏನಪ್ಪ, ಹೆಂಗೈತಿ?" ಎಂದರು.

"ಹಸಿವು ಭಾಳ ಐತ್ರಿ."

"ಭೇಷ್! ಇಷ್ಟು ಜಲ್ದಿ ಗುಣ ಆದದ್ದು ನಾನು ಕಂಡಿಲ್ಲ," ಎಂದರು ಡಾಕ್ಟರು. ಮೇಟ್ರನ್ ಉಬ್ಬಿ ಹೋದರು. ರಜಾ ಅರ್ಜಿ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. ಸುವರ್ಣಮ್ಮನ ಮನಸ್ಸು ಆಗಲೇ ಕುರುಗೋಡಿನ ಬಸ್ಸು ಹತ್ತಿತ್ತು.

ಅಷ್ಟರಲ್ಲಿ ಕಡ್ಡಿಯಂಥ ಮನುಷ್ಯನೊಬ್ಬ ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ಕಾಣಿಸಿದ.

"ಲೇ ಪಾಲಯ್ಯ, ಏಳಲೇ! ನನ್ನ ಮಂಚ ಬಿಡಲೇ! ಬೀಗರು ಮಿರ್ಚಿ ತಿನ್ನಿಸಿ ಕೊಂದ್ರು!"

ಮಂಚದ ಮೇಲಿದ್ದವನು ಎದ್ದು ಕೈಮುಗಿದ. "ಆತ ನಮ್ಮಣ್ಣ ಓಬಳೇಶರಿ. ಮಗಳ ನಿಶ್ಚಯಕ್ಕ ಊರಿಗೆ ಹೋಗಿದ್ದ. ಮಂಚ ಖಾಲಿ ಬಿಟ್ರ ಬ್ಯಾರೆಯವ್ರು ಹಿಡೀತಾರಂತ, ಬಸ್ಸಿನ ಸೀಟಿಗೆ ಟವಲ್ ಹಾಕಿದಂಗ ನನ್ನ ಮಲಗಿಸಿ ಹೋಗಿದ್ದರಿ."

"ಬಾಯಿಬಿಟ್ಟು ಹೇಳಾಕ ಏನಾಗಿತ್ತೋ ನಿನಗ?" ಸುವರ್ಣಮ್ಮ ಚೀರಿದಳು.

"ನೀವು ಹೆಸರು ಎಲ್ಲಿ ಕೇಳಿದ್ರಿ? 'ಏಳನೇ ಮಂಚ' ಅಂದ್ರಿ, 'ಹೂಂ' ಅಂದೆ." ಪಾಲಯ್ಯ ಅಂಗಿ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದ. "ಗುಳಿಗಿ ಒಂದೂ ನುಂಗಿಲ್ಲರಿ. ಅಣ್ಣಗ ಬೇಕಾಗ್ತಾವಂತ ಎತ್ತಿಟ್ಟೀನಿ."

ಡಾಕ್ಟರು ಕೆಮ್ಮಿದರು. "ಯೋಜನೆ ಚಲೋ ಐತಿ. ಇನ್ನು ರೋಗಿಗೂ ಅದನ್ನ ಮಾಡ್ರಿ," ಎಂದು ಮುಂದಿನ ಮಂಚಕ್ಕೆ ನಡೆದರು.

ಮೇಟ್ರನ್ ಪೆನ್ನಿನ ಮುಚ್ಚಳ ಹಾಕಿದರು. "ಈ ಓಬಳೇಶ ಗುಣ ಆಗೋತನಕ ನೀನು ಮಂಚದ ಬಾಜೂಕಿನ ಆ ಕುರ್ಚಿ ಬಿಟ್ಟು ಅಲುಗಂಗಿಲ್ಲ."

"ನಾಳೆ ತಂಗಿ ಮದಿವಿ ಐತ್ರಿ," ಎನ್ನುವಷ್ಟರಲ್ಲಿ ಸುವರ್ಣಮ್ಮನ ಕಣ್ಣು ತುಂಬಿ ಬಂತು. ಅದನ್ನು ಕಂಡು ಕರಗಿದ್ದು ಪಾಲಯ್ಯ ಒಬ್ಬನೇ. ಅವನು ಹತ್ತಿರ ಬಂದು, ಹೆಗಲ ಮೇಲಿನ ಟವಲು ಕೊಡವಿ, ದನಿ ತಗ್ಗಿಸಿ ಹೇಳಿದ:

"ಅಳಬ್ಯಾಡ್ರಿ ಸಿಸ್ಟರ್. ನೀವು ಮದಿವಿಗೆ ಹೋಗಿ ಬರ್ರಿ. ಅಲ್ಲೀತನ ಕುರ್ಚಿ ಮ್ಯಾಲೆ ನಾನು ಕುಂದ್ರತೀನಿ."