ಸ್ಟೂಲು ಹೊತ್ತು ಠಾಣೆಗೆ ಹೋಗುವ ನಮ್ಮ ಭಾವ

ನಮ್ಮ ಭಾವನಂಥ ಪೊಗರಿನ ಮನುಷ್ಯ ಮಧುಗಿರಿಯಿಂದ ಪಾವಗಡದವರೆಗೆ ಹುಡುಕಿದರೂ ಸಿಗುವುದಿಲ್ಲ! ಪೊಲೀಸ್ ಠಾಣೆಗೆ ಹೋಗುವಾಗ ಜನ ದೇವರನ್ನು ನೆನೆಯುತ್ತಾರೆ, ಬುದ್ಧಿವಂತರಾದರೆ ಎಂಎಲ್‌ಎ ಕಡೆಯವರನ್ನು ನೆನೆಯುತ್ತಾರೆ. ನಮ್ಮ ಅಕ್ಕನ ಗಂಡ ಮಾತ್ರ ಮೊಪೆಡ್ಡಿನ ಹಿಂದೆ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲು ಕಟ್ಟಿಕೊಂಡು ಹೋಗುತ್ತಾರೆ. ಠಾಣೆಯೊಳಗೆ ಅದನ್ನು ಇಟ್ಟು, ಟವಲ್ಲಿನಿಂದ ಧೂಳು ಹೊಡೆದು, ಸಾಹೇಬರ ಎದುರಿಗೇ ಕೂರುತ್ತಾರೆ.

"ಏನಯ್ಯಾ ಇದು?" ಎಂದು ಒಬ್ಬ ಎಸ್‌ಐ ಗುಡುಗಿದರಂತೆ.

"ಸ್ಟೂಲು ಸ್ವಾಮಿ. ನಿಮ್ಮ ಕುರ್ಚಿ ನಿಮಗಿರ್ಲಿ, ನಂದು ನಾನು ತಂದಿವ್ನಿ."

"ಇದೇನು ನಿಮ್ಮ ಮಾವನ ಮನೆಯಾ?"

"ಮಾವನ ಮನೇಲಿ ಚಾಪೆ ಹಾಸ್ತಾರೆ ಸ್ವಾಮಿ. ಅಲ್ಲಿಗೆ ಯಾಕೆ ಸ್ಟೂಲು ಹೊತ್ಕೊಂಡು ಹೋಗ್ಲಿ?"

ಇಂಥವರ ಜೊತೆ ಯಾರು ಏಗುತ್ತಾರೆ ಹೇಳಿ! ಇನ್ನೊಮ್ಮೆ ಶಿರಾದ ಹೆದ್ದಾರಿಯಲ್ಲಿ ಹೆಲ್ಮೆಟ್ ತಪಾಸಣೆ. ಮೊಮ್ಮಗನ ವಯಸ್ಸಿನ ಪೇದೆಯೊಬ್ಬ ಮೊಪೆಡ್ಡಿನ ಬೀಗದ ಕೈ ಕಿತ್ತುಕೊಂಡು, "ಇಳಿಯೋ ಮುದುಕ" ಎಂದ. ಭಾವ ಇಳಿದರು. ಸ್ಟೂಲು ಬಿಚ್ಚಿ ರಸ್ತೆಯಂಚಿನಲ್ಲಿ ಕೂತರು. "ಹೆಲ್ಮೆಟ್ಟಿಲ್ಲ, ತಪ್ಪು ನಂದೇ. ದಂಡ ಹಾಕಪ್ಪ. ಬೈಯೋದೂ ಇದ್ರೆ ನಿಧಾನಕ್ಕೆ ಮುಗಿಸ್ಕೊ, ನಾನು ಕೂತಿರ್ತೀನಿ" ಎಂದರು. ಆ ದಾರಿಯಲ್ಲಿ ಬಂದ ಪರಿಚಯದ ಹುಣಸೆಹಣ್ಣಿನ ವ್ಯಾಪಾರಿ ಸಾಬರು ಗಾಡಿ ನಿಲ್ಲಿಸಿ ಕೇಳಿದರು: "ಕ್ಯಾ ಭಾಯ್, ಇಲ್ಲಿ ಅಂಗಡಿ ಹಾಕಿದ್ರಾ?"

"ಅಂಗಡಿ ಸಾಹೇಬ್ರದು ಸಾಬ್ರೇ, ನಾನು ಬರೀ ಗಿರಾಕಿ!"

ಇದನ್ನೆಲ್ಲ ಕೇಳಿ ನೀವು ನಗಬಹುದು. ನನಗೆ ನಗು ಬರುವುದಿಲ್ಲ. ಏಕೆಂದರೆ ಈ ಮಹಾನುಭಾವರು ನಮ್ಮ ಮನೆಗೂ ಸ್ಟೂಲು ತರುತ್ತಾರೆ! ನಡುಮನೆಯಲ್ಲಿ ಸೋಫಾ ಇದೆ. ಅದರ ಪಕ್ಕದಲ್ಲೇ ಸ್ಟೂಲು ಹಾಕಿ ಕೂತು ಕಾಫಿ ಕುಡಿಯುತ್ತಾರೆ.

"ಯಾಕೆ ಭಾವ, ಸೋಫಾ ಕಚ್ಚುತ್ತಾ?"

"ಕಚ್ಚಾಕಿಲ್ಲ. ನೀನು ಕೂತ್ಕೊ ಅನ್ನೋದು ವಸಿ ತಡ ಆಯ್ತು ಕಣ್ಲಾ."

ನಾನು ಕೂರು ಎಂದ ಜಾಗದಲ್ಲಿ ಅವರು ಒಮ್ಮೆ ಕೂತರೆ ಸಾಕು. ನಿವೃತ್ತನಾದ ಮೇಲೆ ನನಗೆ ಉಳಿದಿರುವ ಆಸೆ ಅದೊಂದೇ.

ಹೌದು, ನಾನು ನಿವೃತ್ತ ಹೆಡ್ ಕಾನ್ಸ್‌ಟೇಬಲ್. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಖಾಕಿ ತೊಟ್ಟವನು. ಯಾವ ಠಾಣೆ ಎಂದು ಕೇಳಬೇಡಿ. ಅಲ್ಲಿಗೆ ಬಂದ ಜನ ಮೆಟ್ಟಿಲ ಬಳಿ ಚಪ್ಪಲಿ ಬಿಡಬೇಕು, ಎತ್ತಿ ಕಟ್ಟಿದ ಪಂಚೆ ಇಳಿಸಬೇಕು, ಹೆಗಲ ಟವಲ್ಲು ಕಂಕುಳಿಗೆ ಬರಬೇಕು. ಇಷ್ಟಾದರೂ ಕೂರುವ ಹಾಗಿಲ್ಲ! ಬೆಂಚು ಇರಲಿಲ್ಲವೇ? ಇತ್ತು. ಅದರ ಮೇಲೆ ನಮ್ಮ ಲಾಠಿ, ಟೋಪಿ, ಊಟದ ಕ್ಯಾರಿಯರು ಕೂರುತ್ತಿದ್ದವು. ಆ ಕ್ಯಾರಿಯರಿಗಿದ್ದ ಮರ್ಯಾದೆ ಹೊಲ ಉತ್ತು ಬಂದ ಮನುಷ್ಯನಿಗಿರಲಿಲ್ಲ. ನಾವೇ ದೊಡ್ಡ ದೊರೆಗಳು ನೋಡಿ! ಸಾಹೇಬರು ಕೆಮ್ಮಿದರೆ ನೀರು ಹಿಡಿದು ಓಡುವ ದೊರೆಗಳು!

ಒಂದು ದಿನ ಬೋರ್‌ವೆಲ್ಲಿನ ಕೇಬಲ್ಲು ಕಳುವಾಯಿತೆಂದು ಭಾವ ಅಲ್ಲಿಗೇ ಬಂದರು. ನನ್ನನ್ನು ಕಂಡು ಮುಖ ಅರಳಿಸಿ, "ಏನ್ಲಾ, ಹೆಂಗಿದ್ದೀಯ?" ಎಂದರು. ಸಾಹೇಬರು ನನ್ನತ್ತ ತಿರುಗಿದರು. ಖಾಕಿ ತೊಟ್ಟವನನ್ನು ಹಳ್ಳಿಯವನೊಬ್ಬ ಹೀಗೆ ಮಾತಾಡಿಸುವುದೇ? ನನ್ನ ಮದುವೆಗೆ ಮುಂದೆ ನಿಂತು ಓಡಾಡಿದ ಮನುಷ್ಯನಿಗೆ ನಾನು ಅಂದೆ: "ಏಯ್, ಯಾರಯ್ಯಾ ನೀನು? ಆಚೆ ನಿಂತ್ಕೊ."

ಜೊತೆಗೆ ಬಂದಿದ್ದ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೇಳಿಸಿಕೊಂಡಳು. ಭಾವ ನೋಯುವ ಮಂಡಿ ಹಿಡಿದುಕೊಂಡು ಸಂಜೆಯವರೆಗೂ ನಿಂತಿದ್ದರು. ಮಾರನೇ ದಿನ ಕೊಳಾಲದ ಸಂತೆಗೆ ಹೋಗಿ ಸ್ಟೂಲು ಕೊಂಡರು.

ಮೊನ್ನೆ ಅಕ್ಕನ ಹರಕೆಗೆಂದು ಸಿದ್ದರಬೆಟ್ಟಕ್ಕೆ ಹೋಗಿದ್ದೆವು. ಅಕ್ಕ ಬೆಟ್ಟ ಹತ್ತಿದಳು. ಮಂಡಿ ಹೋದ ನಾವಿಬ್ಬರು ಕೆಳಗೇ ಉಳಿದೆವು. ನಾನು ಜಗಲಿ ಕಲ್ಲಿನ ಮೇಲೆ, ಭಾವ ಯಥಾಪ್ರಕಾರ ಸ್ಟೂಲಿನ ಮೇಲೆ. ಅಂದು ಯಾರೋ ಮಂತ್ರಿ ಬರುವವರಿದ್ದರು, ಬಂದೋಬಸ್ತು ಜೋರಾಗಿತ್ತು. ನಮ್ಮೆದುರು ಒಬ್ಬ ಹೆಣ್ಣು ಪೇದೆ ಬಿಸಿಲಲ್ಲಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದಳು. ಈಗೇನು ಕುಟುಕುತ್ತಾರೋ ಎಂದು ನಾನು ಕಾಯುತ್ತಿದ್ದೆ. ಭಾವ ಎದ್ದು, ಸ್ಟೂಲನ್ನು ಅವಳ ಬಳಿ ಇಟ್ಟರು.

"ಆಗಿಂದ ನಿಂತಿದ್ದೀಯಲ್ಲವ್ವ, ಕೂತ್ಕೊ."

"ಬೇಡ ತಾತ, ಸಾಹೇಬ್ರು ನೋಡಿದ್ರೆ ಬೈತಾರೆ."

"ಬೈಲಿ ಬುಡು. ಕಾಣದಂಗೆ ನಾನು ಅಡ್ಡ ನಿಂತ್ಕೊತೀನಿ."

ಅವಳು ಅಂಜುತ್ತಲೇ ಕೂತಳು. ಭಾವ ಅಡ್ಡ ನಿಂತರು. ಅವರ ಮಂಡಿ ನಡುಗುವುದು ನನಗೆ ಕಾಣುತ್ತಿತ್ತು. ನಾನೆದ್ದು, ನನ್ನ ಟವಲ್ಲನ್ನು ಮಡಿಸಿ ಕಲ್ಲಿನ ಮೇಲೆ ಹಾಸಿದೆ.

"ಬನ್ನಿ ಭಾವ, ಕೂತ್ಕೊಳ್ಳಿ. ಅಡ್ಡ ನಾನು ನಿಂತಿರ್ತೀನಿ."

ಅವರು ಟವಲ್ಲು ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ನಡೆದು ಬಂದು, ಮಂಡಿ ಒತ್ತಿಕೊಂಡು, ಉಸ್ಸಪ್ಪಾ ಎಂದು ಅದರ ಮೇಲೆ ಕೂತರು.

ಆ ಹುಡುಗಿ ನನ್ನತ್ತ ಕೈ ತೋರಿಸಿ, "ಇವ್ರು ಯಾರು ತಾತ?" ಎಂದು ಕೇಳಿದಳು.

"ಇವನಾ? ನಮ್ಮ ಭಾಮೈದ ಕಣವ್ವ."