ವಠಾರದ ತುಂಬ ಹೃದ್ರೋಗಿಗಳು

ಡಾಕ್ಟರ್ ಗುಮೆರ್ಸಿಂದೊ ಕೆಟ್ಟದ್ದು ಒಂದೇ ಒಂದು ಪ್ರಶ್ನೆಯಿಂದ: “ನಿಮಗೆ ಯಾವ ರೋಗ ಬೇಕು?”

ಆ ಸೋಂಕಿನ ವರ್ಷ ಅರೆಕಿಪಾ ಪಟ್ಟಣದಲ್ಲಿ ಬೀದಿನಾಯಿಗಳೂ ಮೂರು ಮಾರು ದೂರ ನಿಂತೇ ಬೊಗಳುತ್ತಿದ್ದವು, ನಾನೇ ಅಳೆದಿದ್ದೇನೆ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಆಸ್ಪತ್ರೆಯ ಬಾಗಿಲು ಮುಚ್ಚಿತ್ತು. ರೋಗಿಯನ್ನು ವಿಚಾರಿಸುವ ಪರೀಕ್ಷೆ ಆ ತಿಂಗಳೊಳಗೆ ನಡೆಯದಿದ್ದರೆ ಇಡೀ ತರಗತಿಯ ವರ್ಷ ಮಣ್ಣುಪಾಲು. ಡೀನ್ ಮೇಡಂ ಮೇಷ್ಟ್ರುಗಳಿಗೆಲ್ಲ ‘ವಿನ್ಯಾಸ ಚಿಂತನೆ’ ಎಂಬ ಹೊಸ ವಿದ್ಯೆ ಕಲಿಸಿದ್ದರು: ಮೊದಲು ಸಂಬಂಧಪಟ್ಟವರನ್ನು ಕೇಳು, ಅಗ್ಗದಲ್ಲೊಂದು ಮಾದರಿ ಕಟ್ಟು, ಮುರಿದರೆ ನಗುತ್ತ ತಿದ್ದು. ಆ ಮೇಷ್ಟ್ರುಗಳಲ್ಲೊಬ್ಬನಾದ ಗುಮೆರ್ಸಿಂದೊ ತಾನಿದ್ದ ವಠಾರದ ಅಂಗಳದಲ್ಲಿ ವಿಡಿಯೊ ಕರೆಗೆ ಫೋನು ನಿಲ್ಲಿಸಿ, ರೋಗಿಗಳಾಗಿ ನಟಿಸಲು ನೆರೆಯವರನ್ನೇ ಕರೆದ.

“ಕೆಮ್ಮೋರು ಯಾರು?”

ಕ್ಷಣದಲ್ಲಿ ಅಂಗಳ ಖಾಲಿ.

“ಕೆಮ್ಮಿದ್ರೆ ಬೀದಿಯೋರು ನಮ್ಮ ಬಾಗಿಲಿಗೆ ಮೊಳೆ ಹೊಡೀತಾರೆ, ಡಾಕ್ಟ್ರೇ!” ಕಿಟಕಿಯಿಂದ ಕೂಗಿದ ಕ್ಷೌರಿಕ ಡಾನ್ ಫೌಸ್ತಿನೊ.

ಮಾದರಿ ಮುರಿಯಿತು. ಗುಮೆರ್ಸಿಂದೊ ನಗುತ್ತ ತಿದ್ದಿದ, ಕೆಮ್ಮು ಕೈಬಿಟ್ಟ. ಫೌಸ್ತಿನೊಗೆ ಎದೆನೋವು, ಡೊನ್ಯಾ ಎರ್ಮೆಲಿಂದಾಗೆ ಹೊಟ್ಟೆಯುಬ್ಬರ.

“ಆ ಕತ್ತರಿಯೋನಿಗೆ ಹೃದಯ, ನನಗೆ ಬರೀ ಗಾಳಿನಾ?” ಎರ್ಮೆಲಿಂದಾ ಸೊಂಟಕ್ಕೆ ಕೈಯಿಟ್ಟಳು. “ವಠಾರದ ಯಜಮಾನಿ ನಾನು. ಕೊಡೋದಾದ್ರೆ ಘನವಾದ ರೋಗ ಕೊಡಿ!”

“ಹೃದಯ ಇದ್ರೆ ತಾನೇ ನಿನಗೆ ಬೇನೆ ಬರೋದು?” ಎಂದ ಫೌಸ್ತಿನೊ.

ಒಂದು ಚಪ್ಪಲಿ ಹಾರಿತು. ಅದು ಪಕ್ಕದ ದೇಶ ಬೊಲಿವಿಯಾದಲ್ಲಿ ಬಿತ್ತೆಂದು ಕೇಳಿದ್ದೇನೆ. ನಿಮಗೆ ಯಾವ ರೋಗ ಬೇಕೆಂದು ಕೇಳಿದ್ದೇ ತಡ, ಉಳಿದವರೂ ಹೃದಯವೇ ಬೇಕೆಂದು ಹಟ ಹಿಡಿದರು. ಗುಮೆರ್ಸಿಂದೊ ಕೈಮುಗಿದು ಎಲ್ಲರಿಗೂ ಹೃದಯಬೇನೆಯನ್ನೇ ಹಂಚಿದ.

ಪರೀಕ್ಷೆ ಶುರುವಾಯಿತು. ಎರ್ಮೆಲಿಂದಾ ನರಳಿದ ಅಬ್ಬರಕ್ಕೆ ಊರಂಚಿನ ಮಿಸ್ತಿ ಜ್ವಾಲಾಮುಖಿಯೇ ಪೈಪೋಟಿ ಬಂತೆಂದು ಹೊಗೆ ಉಗುಳಿತು.

“ಅಮ್ಮಾ, ನೋವು ಕೆಳಗೆ ಇಳಿಯುತ್ತಾ?” ಕೇಳಿದಳು ಪರದೆಯ ಮೇಲಿನ ವಿದ್ಯಾರ್ಥಿನಿ.

“ಇಳಿಯುತ್ತೆ ಮಗಾ, ಕೆಳಗಿನ ಮನೆವರೆಗೂ ಇಳಿಯುತ್ತೆ!”

ಆದರೂ ವಿದ್ಯಾರ್ಥಿಗಳಲ್ಲಿ ಒಬ್ಬರೂ ತಪ್ಪಲಿಲ್ಲ. ರೋಗ ಪತ್ತೆಹಚ್ಚಿದರು, ಇಸಿಜಿ ಮಾಡಿಸಲು ಬರೆದುಕೊಟ್ಟರು, ಸಲಹೆಯನ್ನೂ ಕೊಟ್ಟರು: ಒಂದು ತಿಂಗಳು ವಿಶ್ರಾಂತಿ, ಒಲೆ ಮುಟ್ಟಬಾರದು, ಅಡುಗೆಯನ್ನು ಆರೋಗ್ಯವಾಗಿರುವವರೇ ಮಾಡಿಕೊಡಬೇಕು.

“ಗುಮೆರ್ಸಿಂದೊ, ಇವರ ಸಲಹೆ ಸರೀನಾ?” ಪರದೆಯಲ್ಲಿದ್ದ ಡೀನ್ ಮೇಡಂ ಕೇಳಿದರು.

“ನೂರಕ್ಕೆ ನೂರು ಸರಿ, ಮೇಡಂ!”

“ಹಾಗಾದ್ರೆ ಎಲ್ಲರೂ ಪಾಸು.”

ತಿಂಗಳುಗಟ್ಟಲೆ ಹಿಡಿದಿದ್ದ ಉಸಿರನ್ನು ಗುಮೆರ್ಸಿಂದೊ ಬಿಟ್ಟ ರಭಸಕ್ಕೆ ಹಗ್ಗದ ಮೇಲಿನ ಬಟ್ಟೆಗಳೆಲ್ಲ ಒಣಗಿದವು.

“ಏಳಿ ಡೊನ್ಯಾ, ಮುಗೀತು.”

ಎರ್ಮೆಲಿಂದಾ ಬೆಂಚಿನ ಮೇಲೆ ಇನ್ನಷ್ಟು ಚಾಚಿಕೊಂಡಳು. “ಹೇಗೆ ಏಳಲಿ? ತಿಂಗಳು ವಿಶ್ರಾಂತಿ.”

“ಅಯ್ಯೋ, ಅದು ನಾಟಕ!”

“ನರಳಿದ್ದು ನಾಟಕ. ಸಲಹೆ ನೂರಕ್ಕೆ ನೂರು ಸರಿ ಅಂದೋರು ಯಾರು? ತಪ್ಪಿದ್ರೆ ಹೇಳಿ, ಡೀನಮ್ಮ ಇನ್ನೂ ಫೋನಲ್ಲೇ ಇದಾರೆ.”

ಪರದೆಯಲ್ಲಿ ಪಾಸಾದ ಹುಡುಗ ಹುಡುಗಿಯರು ಅಪ್ಪ ಅಮ್ಮಂದಿರನ್ನು ಎಳೆದುಕೊಂಡು ಕುಣಿಯುತ್ತಿದ್ದರು. ಸಲಹೆ ತಪ್ಪೆಂದರೆ ಆ ಮಕ್ಕಳೆಲ್ಲ ಫೇಲು. ಸುತ್ತ ನೋಡಿದರೆ ನೆರೆಯವರೆಲ್ಲ ಒಬ್ಬೊಬ್ಬರಾಗಿ ಎದೆ ಹಿಡಿದು ಮಲಗುತ್ತಿದ್ದರು. ಇಡೀ ವಠಾರದಲ್ಲಿ ಆರೋಗ್ಯವಾಗಿದ್ದವನು ಅವನೊಬ್ಬನೇ.

ಹೋಗಲಿ, ಮಕ್ಕಳು ಗೆದ್ದರಲ್ಲ ಎಂದು ಸಿಳ್ಳೆ ಹಾಕುತ್ತ ಅವನು ಒಲೆ ಹಚ್ಚಿ, ಆ ಊರಿನ ಹೆಸರಾಂತ ತುಂಬುಮೆಣಸಿನಕಾಯಿ ಮಾಡಲು ಕೂತ.

“ಡಾಕ್ಟ್ರೇ,” ಫೌಸ್ತಿನೊ ಮಲಗಿದಲ್ಲಿಂದಲೇ ಕ್ಷೀಣವಾಗಿ ಕರೆದ, “ಮೆಣಸಿನಕಾಯಿಗೆ ಮಾಂಸ ಗಟ್ಟಿಯಾಗಿ ತುಂಬಿ. ರೋಗಿಗೆ ಶಕ್ತಿ ಬೇಕು.”