ಮಾವನ ಸೊಂಟದಡಿಯ ಟವೆಲ್ಲು

ನಮ್ಮ ಸೋದರಮಾವನಷ್ಟು ಶ್ರದ್ಧೆಯಿಂದ ನೆಲದ ಮೇಲೆ ಮಲಗುವ ಮನುಷ್ಯರನ್ನು ಇಡೀ ಹಾಸನ ಜಿಲ್ಲೆಯಲ್ಲಿ ಹುಡುಕಿದರೂ ನೀವು ಕಾಣಲಾರಿರಿ. ಸೋಮಾರಿ ಅಂದುಕೊಂಡಿರಾ? ಖಂಡಿತ ಅಲ್ಲ! ಹೊಳೆನರಸೀಪುರದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ, ಕೂತಲ್ಲಿ ಕೂರದ ಜೀವ ಅದು. ಆದರೆ ಬೆಳಿಗ್ಗೆ ಕಾಫಿಗೆ ಮುಂಚೆ ಮತ್ತು ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಅವರು ಹಜಾರದ ನಡುವೆ ಚಾಪೆ ಹಾಸಿ, ಅಂಗಾತ ಮಲಗಿ, ಮಂಡಿ ಮಡಚಿ ಫ್ಯಾನನ್ನು ದಿಟ್ಟಿಸತೊಡಗಿದರೆಂದರೆ ಅಡುಗೆಮನೆಯಲ್ಲಿ ಮಿಕ್ಸಿ ಕೂಡ ಮೆತ್ತಗೆ ತಿರುಗಬೇಕು. ಅದು ಮಾವನ ಹೊಟ್ಟೆ ವ್ಯಾಯಾಮದ ಹೊತ್ತು.

ಇದಕ್ಕೆಲ್ಲ ಕಾರಣ ನನ್ನ ಮದುವೆ. ನಮ್ಮ ಕಡೆ ಹೆಣ್ಣನ್ನು ಧಾರೆ ಮಂಟಪಕ್ಕೆ ಎತ್ತಿಕೊಂಡು ಬರುವುದು ಸೋದರಮಾವನ ಹಕ್ಕು. ಈಗೀಗ ಬಹಳ ಜನ ಕೈಹಿಡಿದು ನಡೆಸಿಕೊಂಡೇ ಬಂದುಬಿಡುತ್ತಾರೆ. ಫೋಟೋ ತೆಗೆಯುವವರಿಗೂ ಅದೇ ಅನುಕೂಲ. ನಮ್ಮ ಮಾವ ಒಪ್ಪಬೇಕಲ್ಲ! ಅಕ್ಕನ ಮದುವೆಯಲ್ಲಿ ಅವಳನ್ನು ಎತ್ತಿಕೊಂಡು ಹೊರಟವರು ಅರ್ಧ ದಾರಿಗೇ ಸೊಂಟ ಹಿಡಿದುಕೊಂಡು, ಅವಳನ್ನು ಇಳಿಸಿ, ತಾವು ಒಂದು ಪ್ಲಾಸ್ಟಿಕ್ ಕುರ್ಚಿಗೆ ಜೋತುಬಿದ್ದಿದ್ದರು. ಅಕ್ಕ ಉಳಿದ ದಾರಿಯನ್ನು ನಡೆದೇ ಹೋದಳು. ಮಾರನೆಯ ದಿನದ ಬೀಗರೂಟಕ್ಕೂ ಮಾವನಿಗೆ ಏಳಲಾಗಲಿಲ್ಲ. ಬೀಗರೂಟ ತಪ್ಪಿಸಿಕೊಂಡ ಮೇಲೆ ಮನುಷ್ಯನಿಗೆ ಇನ್ನೇನು ಉಳಿಯಿತು ಹೇಳಿ? ಈಗ ನನ್ನ ಸರದಿ ಬಂದಿತ್ತು. ಈ ಸಲ ಎತ್ತಿಯೇ ತೀರುವುದು ಎಂದು ಅವರು ಹಟ ಹಿಡಿದಿದ್ದರು.

ಹೊಟ್ಟೆ ಗಟ್ಟಿಯಾದರೆ ಬೆನ್ನು ಗಟ್ಟಿಯಾಗುತ್ತದೆ ಎಂದು ಯಾರೋ ಹೇಳಿದ್ದೇ ತಡ, ಮಾವ ಅಂಗಡಿಯ ಹಿಂದುಗಡೆ ತಾವೇ ಶುರುಮಾಡಿದರು. ತೆಂಗಿನಕಾಯಿ ಮೂಟೆಯ ಕೆಳಗೆ ಎರಡೂ ಪಾದ ಸಿಕ್ಕಿಸಿ, ಕಾಲು ನೀಳವಾಗಿ ಚಾಚಿ, ಕೈಯಲ್ಲಿ ಕುತ್ತಿಗೆ ಹಿಡಿದೆಳೆದುಕೊಂಡು ದಡಕ್ಕನೆ ಎದ್ದರಂತೆ. ಎದ್ದರು ಅಂದೆನೇ? ಅರ್ಧ ಎದ್ದರು! ಅಲ್ಲಿಂದ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಹೊತ್ತಿಗೆ ಸರಿಯಾಗಿ ಹಳ್ಳಿಮೈಸೂರಿನಿಂದ ಕಾಯಿ ಮಾರಲು ಬಂದ ರೈತರೊಬ್ಬರು ಒಳಗೆ ಇಣುಕಿದರು.

"ಏನ್ ಸಾವ್ಕಾರ್ರೇ, ಯಾಕಿಂಗ್ ಕುಂತಿದ್ದೀರಿ?"

"ರೇಟು ಯೋಚ್ನೆ ಮಾಡ್ತಾ ಇವ್ನಿ, ನೀವೂ ಕುಂತ್ಕಳಿ," ಅಂದರಂತೆ ಮಾವ! ಆ ಸ್ಥಿತಿಯಲ್ಲೂ ವ್ಯಾಪಾರ ಬಿಟ್ಟುಕೊಡಲಿಲ್ಲ ನೋಡಿ.

ಆಮೇಲೆ ಅವರನ್ನು ಹಾಸನಕ್ಕೆ ಕರೆದುಕೊಂಡು ಹೋದವಳು ನಾನೇ. ಫಿಸಿಯೋಥೆರಪಿಯ ಡಾಕ್ಟರಮ್ಮ ನನಗಿಂತ ಚಿಕ್ಕವರು. ಅವರು ಮಾವನನ್ನು ಚೆನ್ನಾಗಿ ಗದರಿಸಿದರು. "ಪಾದ ಎಲ್ಲೂ ಸಿಕ್ಕಿಸಬಾರದು. ಮಂಡಿ ಮಡಚಬೇಕು. ಹೊಟ್ಟೆ ಬಿಗಿ ಮಾಡಿ ಸೊಂಟಾನ ನೆಲಕ್ಕೆ ಒತ್ತಿ, ಕೆಳಗೆ ಸಂದು ಇರಬಾರದು. ಉಸಿರು ಬಿಡ್ತಾ ತಲೆ, ಭುಜ ಮಾತ್ರ ಸ್ವಲ್ಪ ಎತ್ತಿ. ಕುತ್ತಿಗೆ ಎಳೀಬೇಡಿ, ದಡಕ್ಕನೆ ಏಳಬೇಡಿ. ನೋವು ಬಂತೋ, ಅಲ್ಲಿಗೇ ನಿಲ್ಲಿಸಿ." ಮಾವ ಉಪದೇಶ ಪಡೆದವರಂತೆ ಕೈಮುಗಿದು ಕೇಳಿಸಿಕೊಂಡರು.

ವಾಪಸ್ ಬರುವಾಗ ಬಸ್ಸಿನಲ್ಲಿ ಮಾವ ಸೀಟಿಗೂ ಸೊಂಟಕ್ಕೂ ನಡುವೆ ಕೈ ತೂರಿಸಿ ತೂರಿಸಿ ನೋಡುತ್ತಿದ್ದರು. ಹೊಳೆ ಸೇತುವೆ ಬಂದಾಗ ಸಂಕಟ ಹೊರಬಿತ್ತು. "ಅಲ್ಲ ಕಣವ್ವ, ನನ್ ಸೊಂಟದ ಕೆಳ್ಗೆ ಸಂದು ಐತೋ ಇಲ್ವೋ ಅಂತ ನಾನೆಂಗೆ ನೋಡ್ಕಳ್ಳದು?" ನೀವೇ ಹೇಳಿ, ಎಷ್ಟು ನ್ಯಾಯವಾದ ಪ್ರಶ್ನೆ!

ಪರಿಹಾರವನ್ನೂ ಅವರೇ ಕಂಡುಹಿಡಿದರು. ಸೊಂಟದಡಿ ಒಂದು ಟವೆಲ್ಲನ್ನು ಅಡ್ಡಲಾಗಿ ಹಾಸಿ, ತುದಿಯನ್ನು ಹೊರಗೆ ಬಿಡುವುದು. ವ್ಯಾಯಾಮ ಮಾಡುವಾಗ ಯಾರಾದರೂ ಅದನ್ನು ಎಳೆಯಬೇಕು. ಟವೆಲ್ಲು ಕೈಗೆ ಬಂದರೆ ಮಾವ ಫೇಲು, ಬಾರದಿದ್ದರೆ ಪಾಸು. ಮೊದಮೊದಲು ಅತ್ತೆ ಎಳೆದರು. ಆಮೇಲೆ, "ಒಲೆ ಮ್ಯಾಲೆ ಸಾರು ಉಕ್ತಾ ಐತೆ, ನಿಮ್ ಟವಲ್ ಎಳ್ಕಂಡು ಕುಂತಿರಕ್ಕಾಯ್ತದಾ?" ಎಂದು ರಾಜೀನಾಮೆ ಕೊಟ್ಟರು. ಅಲ್ಲಿಂದ ಮುಂದೆ ಮನೆಗೆ ಬಂದವರೆಲ್ಲ ಪರೀಕ್ಷಕರೇ. ಗ್ಯಾಸ್ ಸಿಲಿಂಡರ್ ತಂದವರು ಎಳೆದರು, ಮೀಟರ್ ನೋಡಲು ಬಂದವರು ಎಳೆದರು, ಜಾತಕ ನೋಡಲು ಕರೆಸಿದ ಪುರೋಹಿತರೂ ಪಂಚಾಂಗ ಕಂಕುಳಲ್ಲಿ ಇರುಕಿಕೊಂಡು ಎಳೆದರು!

ಆದರೆ ಚನ್ನರಾಯಪಟ್ಟಣದಿಂದ ನನ್ನ ಭಾವೀ ಮಾವನವರು ಬಂದ ದಿನವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಮದುವೆ ಮಾತುಕತೆ ಸೋದರಮಾವನ ಮನೆಯಲ್ಲೇ ಎಂದು ನಿಗದಿಯಾಗಿತ್ತು. ಬೀಗರು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದುಬಿಟ್ಟರು. ಮಾವ ಚಾಪೆಯ ಮೇಲಿದ್ದರು. ಇನ್ನೊಬ್ಬರಾಗಿದ್ದರೆ ಗಡಬಡಿಸಿ ಏಳುತ್ತಿದ್ದರು. ದಡಕ್ಕನೆ ಏಳಬಾರದು ಎಂದು ಡಾಕ್ಟರಮ್ಮ ಹೇಳಿಲ್ಲವೇ? ಮಾವ ಮಲಗಿದಲ್ಲಿಂದಲೇ ನಮಸ್ಕಾರ ಮಾಡಿ, "ಬನ್ನಿ ಬೀಗ್ರೇ, ಒಳ್ಳೆ ಟೈಮಿಗೆ ಬಂದ್ರಿ. ಆ ಟವಲ್ ಎಳೀರಿ," ಅಂದರು.

ಬೀಗರು ನನ್ನ ಅಮ್ಮನ ಮುಖ ನೋಡಿದರು, ಅಮ್ಮ ಗೋಡೆ ನೋಡಿದರು. ಇದು ನಮ್ಮ ಕಡೆಯ ಶಾಸ್ತ್ರವಿರಬೇಕು ಅಂದುಕೊಂಡರೋ ಏನೋ, ಬೀಗರು ಬಗ್ಗಿ ಮೆಲ್ಲಗೆ ಎಳೆದರು. ಬರಲಿಲ್ಲ. "ಜೋರಾಗಿ ಎಳೀರಿ, ನಾಚ್ಕೋಬ್ಯಾಡಿ!" ಬೀಗರೂ ಹೊಲ ಉತ್ತ ಆಸಾಮಿ. ಪಂಚೆ ಎತ್ತಿ ಕಟ್ಟಿ ಒಂದೇ ಸಲ ಜಗ್ಗಿದರು ನೋಡಿ, ಟವೆಲ್ಲು, ಚಾಪೆ, ಮಾವ ಮೂರೂ ಒಟ್ಟಿಗೆ ನುಣ್ಣನೆಯ ನೆಲದ ಮೇಲೆ ಜಾರಿಕೊಂಡು ಹೊಸಿಲ ತನಕ ಹೋದವು! ಮಾವನ ಮುಖದಲ್ಲಿ ಪರಮಾನಂದ. "ನೋಡಿದ್ರಾ? ಸಂದಿಲ್ಲ!" ಬೀಗರು ಏದುಸಿರು ಬಿಡುತ್ತಾ, "ಇಂಥ ಗಟ್ಟಿ ಜನ ಬುಟ್ಟು ಬ್ಯಾರೆ ಸಂಬಂಧ ಯಾಕ್ ನೋಡಾನೆ?" ಎಂದು ತಾಂಬೂಲಕ್ಕೆ ಕೈ ಚಾಚಿದರು. ನನ್ನ ಮದುವೆ ನಿಶ್ಚಯವಾದದ್ದು ಹೀಗೆ.

ನಿಜ ಹೇಳುತ್ತೇನೆ, ನನಗೆ ನಗುವಿನ ಜೊತೆ ಹೆಮ್ಮೆಯೂ ಆಗುತ್ತಿತ್ತು. ಅರವತ್ತು ಹತ್ತಿರವಾದ ಮನುಷ್ಯ ಒಂದು ದಿನ ಬಿಡದೆ ಮಲಗಿ, ಉಸಿರು ಬಿಟ್ಟು, ಭುಜ ಎತ್ತುವುದೆಂದರೆ ಸುಮ್ಮನೆ ಮಾತೇ? ಆದರೂ ಮದುವೆಯ ಬೆಳಿಗ್ಗೆ ಹೆದರಿಕೆ ತಡೆಯದೆ, "ಮಾವ, ಕೈ ಹಿಡ್ಕೊಂಡು ನಡೆಸಿ, ಸಾಕು," ಅಂದೆ.

"ನೀನು ಅಳ್ಳಾಡ್ದಂಗಿರು, ಮಿಕ್ಕಿದ್ದು ನಂಗ್ಬುಡು," ಅಂದರು.

ಸೊಂಟ ಬಗ್ಗಿಸಲಿಲ್ಲ, ಮಂಡಿ ಬಗ್ಗಿಸಿದರು. ಹೊಟ್ಟೆ ಬಿಗಿ ಮಾಡಿ, ರೇಷ್ಮೆ ಸೀರೆ, ಒಡವೆ, ಹಾರ ಸಮೇತ ನನ್ನನ್ನು ಎದೆಗವಚಿಕೊಂಡು, ಉಸಿರು ಬಿಡುತ್ತಾ ಎದ್ದರು. ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಮಂಟಪದಲ್ಲಿದ್ದೆ! ಜನ ಚಪ್ಪಾಳೆ ತಟ್ಟಿದರು. ಅತ್ತೆ ಕಣ್ಣೊರೆಸಿಕೊಂಡರು. ಮಾವ ಗೆದ್ದರು ಎಂದುಕೊಂಡೆ.

ಮಾವ ಮಾತ್ರ ನಿಲ್ಲಲಿಲ್ಲ. ಮೆಟ್ಟಿಲಿಳಿದು, ಮುಂದಿನ ಸಾಲಿನಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದ ಅಕ್ಕನ ಮುಂದೆ ನಿಂತರು.

"ಏಳವ್ವ."

"ಯಾಕ್ ಮಾವ?"

"ಅವತ್ತು ಕೈಕೊಟ್ಟಿದ್ದು ನನ್ ಸೊಂಟ. ಜನ ನಕ್ಕಿದ್ದು ನಿನ್ನ ನೋಡಿ. ಎಣ್ಣು ಎಷ್ಟು ತೂಕವೋ ಏನೋ ಅಂದ್ರು. ನೀನು ತಲೆ ತಗ್ಗಿಸ್ಕಂಡು ನಡ್ಕಂಡೋದೆ. ಕುರ್ಚಿ ಇಡ್ಕಂಡು ನಿಂತ್ಕಂಡು ಎಲ್ಲಾನೂ ನೋಡ್ದೆ ಕಣವ್ವ, ಅಷ್ಟು ನೋವು ಈ ಸೊಂಟಾನೂ ಕೊಟ್ಟಿಲ್ಲ."

ಪಕ್ಕದಲ್ಲಿದ್ದ ಭಾವ ತಾವಾಗಿಯೇ ಮಗುವನ್ನು ತೆಗೆದುಕೊಂಡರು. ಮಾವ ಮಂಡಿ ಬಗ್ಗಿಸಿ ಅಕ್ಕನನ್ನು ಎತ್ತಿಕೊಂಡರು. ಚೌಲ್ಟ್ರಿಯಲ್ಲಿ ಒಬ್ಬರೂ ನಗಲಿಲ್ಲ. ಅಕ್ಕ ಚಿಕ್ಕ ಹುಡುಗಿಯ ಹಾಗೆ ಅವರ ಹೆಗಲಲ್ಲಿ ಮುಖ ಹುದುಗಿಸಿ ಅಳುತ್ತಿದ್ದಳು. ಹಾರ ಹಿಡಿದು ನಿಂತಿದ್ದ ನನಗೂ ಅಳು ತಡೆಯಲಾಗಲಿಲ್ಲ. ಮೆಟ್ಟಿಲ ಹತ್ತಿರ ಬಂದಾಗ ಅತ್ತೆ ಗಾಬರಿಯಾಗಿ, "ಸಾಕು ಇಳಿಸ್ರೀ, ಇಷ್ಟು ದೂರ ಬಂದ್ರಲ್ಲ," ಅಂದರು.

"ಮಂಟಪ ಇನ್ನೂ ಬಂದಿಲ್ಲ," ಎಂದು ಮಾವ ಮೆಟ್ಟಿಲು ಹತ್ತಿದರು.